ಡೊಂಕು ಬೇರಿಗೆ ಬಳುಕುವ ಅರ

ಕಳೆದ ತಿಂಗಳು ಕಿರುಪರೀಕ್ಷೆಯ ವಾರದಲ್ಲಿ ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವಳ ತಂದೆ ಬಂದರು. ಬಸ್ ನಿಲ್ದಾಣದ ಪಕ್ಕದಲ್ಲಿ ಅವರದು ಸೈಕಲ್, ಸ್ಕೂಟರ್ ರಿಪೇರಿ ಅಂಗಡಿ. ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಎಕ್ಸ್-ರೇ ಫಿಲ್ಮು ಇತ್ತು.

‘ಮೇಷ್ಟ್ರೇ, ಕೆಳಗಿನ ದವಡೆ ಹಲ್ಲು. ರಾತ್ರಿಯೆಲ್ಲಾ ನಿದ್ದೆಯಿಲ್ಲ ಮಗೂಗೆ. ಕೀಳಿಸಿಬಿಡೋಣ ಅಂದ್ರೆ ಡಾಕ್ಟ್ರು ಬೇಡ ಅಂತಾರೆ. ಬೇರಿನ ನಾಳ ಡೊಂಕಾಗಿದೆ, ಮೋಟಾರು ಹಾಕಿ ಕ್ಲೀನ್ ಮಾಡ್ತೀನಿ ಅಂತಾರೆ. ಕೈಯಲ್ಲಿ ಮಾಡಿದ್ರೆ ಹದ ಗೊತ್ತಾಗತ್ತೆ. ಡೊಂಕು ತೂತಿಗೆ ಮೋಟಾರು ಹಾಕಿದ್ರೆ ಗೋಡೆ ಒಡೆದು ಹೋಗಲ್ವಾ?’

ಪ್ರಶ್ನೆ ಬಹಳ ಸರಿಯಾದದ್ದು. ದಂತವೈದ್ಯರೇ ನೂರು ವರ್ಷ ತಲೆಕೆಡಿಸಿಕೊಂಡ ಪ್ರಶ್ನೆ ಅದು. ಆ ದಿನ ಸ್ಟಾಫ್ ರೂಮಿನ ಕಿಟಕಿಗೆ ಫಿಲ್ಮನ್ನು ಹಿಡಿದು ನನಗೆ ತಿಳಿದಷ್ಟನ್ನು ಅವರಿಗೆ ಹೇಳಿದೆ. ಉಳಿದದ್ದನ್ನು ಓದಿ ತಿಳಿದುಕೊಂಡೆ. ಈ ವಾರ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹಲ್ಲು ಯಾವುದೆಂದು ಹೇಳಬೇಕು. ಬಾಯಿಯ ನಡುವಿನಿಂದ ಒಂದು ಪಕ್ಕಕ್ಕೆ ಎಣಿಸಿದರೆ ಆರನೆಯದು. ಮಗುವಿಗೆ ಸುಮಾರು ಆರು ವರ್ಷವಾದಾಗ ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳಬೇಕಾಗಿಲ್ಲ. ಆದುದರಿಂದಲೇ ತಂದೆತಾಯಿ ಅದನ್ನೂ ಹಾಲುಹಲ್ಲೆಂದು ತಿಳಿಯುತ್ತಾರೆ. ಮೇಲೆ ಕಪ್ಪು ಚುಕ್ಕೆ ಕಂಡರೂ ‘ಹೇಗೂ ಬಿದ್ದು ಬೇರೆ ಬರುತ್ತದಲ್ಲ’ ಎಂದು ಸುಮ್ಮನಿರುತ್ತಾರೆ. ಬೇರೆ ಬರುವುದಿಲ್ಲ. ಅದು ಜೀವಮಾನದ ಹಲ್ಲು, ಆಹಾರ ಅರೆಯುವ ಮುಖ್ಯ ಬೀಸುಕಲ್ಲು. ನಮ್ಮ ಈ ಹುಡುಗಿಯ ಮನೆಯಲ್ಲೂ ಹೀಗೆಯೇ ಆಗಿತ್ತು. ಎಂಟನೆಯ ವಯಸ್ಸಿನಲ್ಲಿ ಕಂಡ ಚುಕ್ಕೆ ಹದಿನೈದನೆಯ ವಯಸ್ಸಿಗೆ ಹಲ್ಲಿನ ಒಳಗಿನ ತಿರುಳನ್ನು ಮುಟ್ಟಿತ್ತು.

ಹಲ್ಲಿನ ಹೊರಗೆ ಎನಾಮಲ್, ಅದರ ಕೆಳಗೆ ಡೆಂಟಿನ್, ನಡುವೆ ರಕ್ತನಾಳ ಮತ್ತು ನರಗಳಿರುವ ಮೆತ್ತನೆಯ ತಿರುಳು. ಈ ತಿರುಳು ಬೇರುಗಳ ಒಳಗೆ ಸಣ್ಣ ನಾಳಗಳಾಗಿ ಇಳಿದು ಬೇರಿನ ತುದಿಯ ರಂಧ್ರದ ಮೂಲಕ ದವಡೆಯ ಮೂಳೆಯನ್ನು ಸೇರುತ್ತದೆ. ಇಷ್ಟು ನಿಮ್ಮ ಪಠ್ಯಪುಸ್ತಕದ ಚಿತ್ರದಲ್ಲಿದೆ. ಆದರೆ ಚಿತ್ರದಲ್ಲಿ ನಾಳಗಳನ್ನು ನೇರವಾಗಿ, ನಲ್ಲಿ ಕೊಳವೆಯ ಹಾಗೆ ಬರೆದಿರುತ್ತಾರೆ. ನಿಜವಾದ ಹಲ್ಲಿನಲ್ಲಿ ಹಾಗಿಲ್ಲ. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಎಂಬಾತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾವಿರಾರು ಕಿತ್ತ ಹಲ್ಲುಗಳ ನಾಳಗಳಿಗೆ ರಬ್ಬರು ತುಂಬಿ, ಅದನ್ನು ಗಟ್ಟಿ ಮಾಡಿ, ಹಲ್ಲನ್ನು ಕರಗಿಸಿ, ಉಳಿದ ರಬ್ಬರಿನ ಅಚ್ಚುಗಳನ್ನು ನೋಡಿದ. ಅವು ಕೊಳವೆಗಳಂತೆ ಇರಲಿಲ್ಲ. ಕವಲು, ಬಲೆ, ರೆಕ್ಕೆ, ಅಡ್ಡದಾರಿಗಳೆಲ್ಲ ಸೇರಿ ಹುಣಸೆಮರದ ಬೇರಿನ ಹಾಗೆ ಇದ್ದವು. ಕೆಳದವಡೆಯ ಆರನೆಯ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು. ಮುಂದಿನ ಬೇರಿನಲ್ಲಿ ಎರಡು ಸಪೂರ ನಾಳಗಳು, ಆ ಬೇರು ಹಿಂದಕ್ಕೆ ಬಾಗಿರುವುದೇ ಹೆಚ್ಚು. ಹುಡುಗಿಯ ಫಿಲ್ಮಿನಲ್ಲಿ ಅದು ಕುಡುಗೋಲಿನಂತೆ ಕಾಣುತ್ತಿತ್ತು.

ಈ ನಾಳವನ್ನು ಏಕೆ ಶುಚಿ ಮಾಡಬೇಕು? ನೋವಿರುವ ನರ ತೆಗೆದರೆ ಸಾಲದೇ? ಇದಕ್ಕೆ 1965ರಲ್ಲಿ ಅಮೆರಿಕದ ಮೂವರು, ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಸ್‌ಜೆರಾಲ್ಡ್, ಇಲಿಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿ ಉತ್ತರ ಕೊಟ್ಟರು. ಎರಡು ಗುಂಪು ಇಲಿಗಳು. ಒಂದು ಮಾಮೂಲಿನದು, ಇನ್ನೊಂದು ಹುಟ್ಟಿನಿಂದಲೇ ಬ್ಯಾಕ್ಟೀರಿಯಾ ಸೋಂಕದಂತೆ ಸಾಕಿದ್ದು. ಎರಡರ ಹಲ್ಲನ್ನೂ ಕೊರೆದು ತಿರುಳನ್ನು ತೆರೆದುಬಿಟ್ಟರು. ಮಾಮೂಲಿ ಇಲಿಗಳಲ್ಲಿ ತಿರುಳು ಸತ್ತು ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ಆಹಾರದ ಚೂರು ಒಳಗೆ ಸೇರಿಕೊಂಡರೂ ತಿರುಳು ಬದುಕಿ, ತೂತಿನ ಮೇಲೆ ಹೊಸ ಡೆಂಟಿನ್ನಿನ ಸೇತುವೆ ಕಟ್ಟಿತು. ರೋಗಕ್ಕೆ ಕಾರಣ ಬ್ಯಾಕ್ಟೀರಿಯಾಗಳು ಎಂಬುದು ಇದರಿಂದ ಖಚಿತವಾಯಿತು. ಸತ್ತ ತಿರುಳಿರುವ ನಾಳ ಅವುಗಳಿಗೆ ಗೋದಾಮು ಇದ್ದಂತೆ. ಅಲ್ಲಿಗೆ ರಕ್ತ ಹರಿಯದ ಕಾರಣ ನುಂಗಿದ ಮಾತ್ರೆಯೂ ಸರಿಯಾಗಿ ತಲುಪುವುದಿಲ್ಲ. ಗೋದಾಮನ್ನು ತುದಿಯವರೆಗೂ ಖಾಲಿ ಮಾಡಿ, ತೊಳೆದು, ಮುಚ್ಚಬೇಕು. ರೂಟ್ ಕೆನಾಲ್ ಎಂದರೆ ಇದೇ.

ಈಗ ಉಪಕರಣಕ್ಕೆ ಬರೋಣ. ದಂತವೈದ್ಯರು ಇದನ್ನು ‘ಫೈಲ್’ ಎನ್ನುತ್ತಾರೆ. ಕಚೇರಿಯ ಕಡತವೆಂದು ತಿಳಿಯಬೇಡಿ. ಬಡಗಿ, ಕಮ್ಮಾರರ ಬಳಿ ಇರುವ ಅರ ಅದು. ಅರದ ಮಾತು ಬಂದಾಗ ಹುಡುಗಿಯ ತಂದೆಯ ಮುಖ ಸ್ವಲ್ಪ ಅರಳಿತು. ಅವರ ಅಂಗಡಿಯಲ್ಲಿ ನಾಲ್ಕು ಬಗೆಯ ಅರಗಳಿವೆ. ನಾಳದ ಅರದ ಆದಿಯೂ ರಿಪೇರಿ ಅಂಗಡಿಯ ಸರಕಿನಿಂದಲೇ ಆಯಿತು. 1838ರಲ್ಲಿ ಎಡ್ವರ್ಡ್ ಮೇನಾರ್ಡ್ ಎಂಬ ಅಮೆರಿಕದ ದಂತವೈದ್ಯ ಗಡಿಯಾರದ ಸ್ಪ್ರಿಂಗನ್ನು ಅರೆದು ಸಣ್ಣ ಮಾಡಿ ಹಲ್ಲಿನ ನಾಳಕ್ಕೆ ಇಳಿಸಿದ. (ಈತ ಬಂದೂಕಿನ ಸುಧಾರಣೆಗೂ ಹೆಸರಾದವನು. ಹಲ್ಲು ಮತ್ತು ಬಂದೂಕು ಹೇಗೆ ಒಬ್ಬನ ತಲೆಯಲ್ಲಿ ಸೇರಿದವೋ!)

ಇಂದಿನ ಅರಗಳಿಗೆ ನಂಬರು ಇದೆ. 10ನೇ ನಂಬರೆಂದರೆ ತುದಿಯ ವ್ಯಾಸ 0.10 ಮಿಲಿಮೀಟರು, 25 ಎಂದರೆ 0.25 ಮಿ.ಮೀ. ಹಿಡಿಯ ಬಣ್ಣದಿಂದ ನಂಬರು ಗೊತ್ತಾಗುತ್ತದೆ: 15 ಬಿಳಿ, 20 ಹಳದಿ, 25 ಕೆಂಪು. ತುದಿಯಿಂದ ಮೇಲಕ್ಕೆ ಅರ ದಪ್ಪವಾಗುತ್ತಾ ಹೋಗುತ್ತದೆ. ಕೈಯ ಅರಗಳಲ್ಲಿ ಪ್ರತಿ ಮಿಲಿಮೀಟರಿಗೆ 0.02 ಮಿ.ಮೀ. ಸಪೂರದಿಂದ ಆರಂಭಿಸಿ ಒಂದೊಂದೇ ನಂಬರು ಏರಿಸುತ್ತಾ ನಾಳದ ಗೋಡೆಯನ್ನು ಕೆರೆಯುವುದು ಹಳೆಯ ಕ್ರಮ. ಮೊದಲ ಒಂದೆರಡು ಅರಗಳು ಡೊಂಕಿನಲ್ಲಿ ಚೆನ್ನಾಗಿಯೇ ಇಳಿಯುತ್ತವೆ. ತೊಂದರೆ ಬರುವುದು ಆಮೇಲೆ.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು. ದುಂಡು ತಂತಿಯ ಬಿರುಸು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತವಾಗಿರುತ್ತದೆ. ವ್ಯಾಸ ಇಮ್ಮಡಿಯಾದರೆ ಬಿರುಸು ಎರಡು ಪಟ್ಟಲ್ಲ, ಹದಿನಾರು ಪಟ್ಟು. 10ನೇ ನಂಬರಿನ ಉಕ್ಕಿನ ಅರ ಹುಲ್ಲುಕಡ್ಡಿಯ ಹಾಗೆ ಬಾಗಿದರೆ, 20ನೆಯದು ಬಾಗಲು ಹದಿನಾರು ಪಟ್ಟು ಬಲ ಬೇಕು. ಆ ಬಲವನ್ನು ಕೊಡುವವರು ಯಾರು? ನಾಳದ ಗೋಡೆಯೇ ಕೊಡಬೇಕು. ಅರ ನೆಟ್ಟಗಾಗಲು ಹವಣಿಸುತ್ತದೆ, ಗೋಡೆ ತಡೆಯುತ್ತದೆ, ಅರಕ್ಕೆ ಹಲ್ಲುಗಳಿರುವುದರಿಂದ ತಡೆದ ಗೋಡೆ ಸವೆಯುತ್ತದೆ.

ಎಲ್ಲಿ ಸವೆಯುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ತೋಟಕ್ಕೆ ನೀರು ಬಿಡುವ ತೆಳು ಪ್ಲಾಸ್ಟಿಕ್ ನಳಿಕೆಯ ಒಂದು ಗೇಣು ತುಂಡನ್ನು ಹಲಗೆಯ ಮೇಲೆ ಬಿಲ್ಲಿನಂತೆ ಬಾಗಿಸಿ ಮೊಳೆಗಳ ನಡುವೆ ಸಿಕ್ಕಿಸಿ. ಒಳಗೆ ಸೈಕಲ್ಲಿನ ಸ್ಪೋಕ್ ಕಡ್ಡಿಯನ್ನು ತೂರಿಸಿ. ಕಡ್ಡಿ ಮೂರು ಕಡೆ ಒತ್ತುತ್ತದೆ: ತುದಿಯಲ್ಲಿ ಬಾಗಿನ ಹೊರಗೋಡೆಗೆ, ನಡುವೆ ಒಳಗೋಡೆಗೆ, ಬಾಯಿಯಲ್ಲಿ ಮತ್ತೆ ಹೊರಗೋಡೆಗೆ. ಹಲ್ಲಿನಲ್ಲೂ ಹಾಗೆಯೇ. ತುದಿಯಲ್ಲಿ ಹೊರಗೋಡೆ ಸವೆದು ದುಂಡಗಿದ್ದ ರಂಧ್ರ ಕಣ್ಣೀರಿನ ಹನಿಯ ಆಕಾರಕ್ಕೆ ಹರಿದುಕೊಳ್ಳುತ್ತದೆ. ಅದನ್ನು ಆಮೇಲೆ ಮುಚ್ಚುವುದು ಕಷ್ಟ. ಕೆಲವೊಮ್ಮೆ ತಿರುವಿನಲ್ಲಿ ಮೆಟ್ಟಿಲಿನಂಥ ಅಂಚು ಬಿದ್ದು, ಮುಂದಿನ ಅರಗಳೆಲ್ಲ ಆ ಮೆಟ್ಟಿಲಿಗೇ ಡಿಕ್ಕಿ ಹೊಡೆಯುತ್ತವೆ. ಅದರ ಕೆಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ನಡುವಿನಲ್ಲಿ ಒಳಗೋಡೆ ತೆಳ್ಳಗಾಗುತ್ತದೆ. ಕೆಳದವಡೆಯ ಆರನೆಯ ಹಲ್ಲಿನ ಮುಂದಿನ ಬೇರಿನಲ್ಲಿ ಈ ಒಳಗೋಡೆ ಮೊದಲೇ ಮಿಲಿಮೀಟರಿನ ಆಸುಪಾಸು ದಪ್ಪ. ವೈದ್ಯರು ಅದನ್ನು ‘ಅಪಾಯದ ವಲಯ’ ಎಂದೇ ಕರೆಯುತ್ತಾರೆ. ಅದು ತೂತಾದರೆ ಹಲ್ಲು ಉಳಿಯುವುದು ಅನುಮಾನ.

ಹುಡುಗಿಯ ತಂದೆ ಹೆದರಿದ್ದು ಇದಕ್ಕೇ. ಅವರ ಹೆದರಿಕೆ ಹಿಂದಿನ ಕಾಲಕ್ಕೆ ಪೂರ್ತಿ ಸರಿ. ಕೈಚಳಕದ ವೈದ್ಯರು ಉಕ್ಕಿನ ಅರದ ತುದಿಯನ್ನು ನಾಳದ ಡೊಂಕಿಗೆ ತಕ್ಕಂತೆ ಮೊದಲೇ ಬಾಗಿಸಿ, ಬೆರಳಿನ ಸ್ಪರ್ಶದಿಂದಲೇ ದಾರಿ ಹುಡುಕಿ ಸಾವಿರಾರು ಹಲ್ಲುಗಳನ್ನು ಉಳಿಸಿದ್ದಾರೆ, ಈಗಲೂ ಉಳಿಸುತ್ತಿದ್ದಾರೆ. ಮೋಟಾರಿಗೆ ಆ ಸ್ಪರ್ಶವಿಲ್ಲ. ಆದರೂ ಕೈ ಸೋತು ಬೆರಳು ನೊಂದವರಿಗೆ ಮೋಟಾರಿನ ಆಸೆ ಹುಟ್ಟುವುದು ಸಹಜ. 1889ರಷ್ಟು ಹಿಂದೆಯೇ ಬಾಸ್ಟನ್ನಿನ ವಿಲಿಯಂ ರಾಲಿನ್ಸ್ ನಾಳಕ್ಕೆಂದೇ ಯಂತ್ರದ ಹಿಡಿಯೊಂದನ್ನು ಮಾಡಿ, ಸೂಜಿ ಮುರಿಯಬಾರದೆಂದು ವೇಗವನ್ನು ನಿಮಿಷಕ್ಕೆ 100 ಸುತ್ತಿಗೆ ಸೀಮಿತಗೊಳಿಸಿದ್ದ. 1964ರಲ್ಲಿ ಬಂದ ಜಿರೋಮ್ಯಾಟಿಕ್ ಎಂಬ ಯಂತ್ರ ಪೂರ್ತಿ ಸುತ್ತುವ ಗೊಡವೆಗೇ ಹೋಗದೆ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ಆಡಿತು. ಎರಡರಲ್ಲೂ ಅರ ಮಾತ್ರ ಉಕ್ಕಿನದೇ. ನೆಟ್ಟಗಾಗಬೇಕೆಂಬ ಅದರ ಹಟ ಮೋಟಾರಿನಿಂದ ಕಡಿಮೆಯಾಗಲಿಲ್ಲ. ಹಟ ಮಾಡುವ ವೇಗ ಹೆಚ್ಚಿತು, ಅಷ್ಟೆ. ಕೊರತೆ ಇದ್ದದ್ದು ಲೋಹದಲ್ಲಿ.

ಆ ಲೋಹ ಬಂದದ್ದು ಹಲ್ಲಿಗೆ ಸಂಬಂಧವೇ ಇಲ್ಲದ ಕಡೆಯಿಂದ. ಅಮೆರಿಕದ ಮೇರಿಲ್ಯಾಂಡಿನ ವೈಟ್ ಓಕ್‌ನಲ್ಲಿ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯವಿತ್ತು. ಅಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹತಜ್ಞ 1950ರ ದಶಕದ ಕೊನೆಯಲ್ಲಿ ಕ್ಷಿಪಣಿಯ ಮೂತಿಗೆ ತಕ್ಕ, ಶಾಖ ಮತ್ತು ಪೆಟ್ಟು ತಡೆಯುವ ಮಿಶ್ರಲೋಹ ಹುಡುಕುತ್ತಿದ್ದರು. ನಿಕ್ಕಲ್ ಮತ್ತು ಟೈಟಾನಿಯಂ ಪರಮಾಣುಗಳನ್ನು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ಬೆರೆಸಿದ ಲೋಹ ಅವರ ಗಮನ ಸೆಳೆಯಿತು. (ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ನಿಕ್ಕಲ್ಲಿನ ಪರಮಾಣು ತೂಕ 58.7, ಟೈಟಾನಿಯಂನದು 47.9. ಸಮಸಂಖ್ಯೆಯಲ್ಲಿ ಬೆರೆಸಿದರೆ ತೂಕದಲ್ಲಿ ನಿಕ್ಕಲ್ ನೂರಕ್ಕೆ ಎಷ್ಟು? ಮಾಡಿ ನೋಡಿ, 55 ಬರಬೇಕು.) 1961ರಲ್ಲಿ ಪ್ರಯೋಗಾಲಯದ ಒಂದು ಸಭೆಯಲ್ಲಿ ಈ ಲೋಹ ಎಷ್ಟು ಬಾಗಿಸಿದರೂ ಮುರಿಯುವುದಿಲ್ಲವೆಂದು ತೋರಿಸಲು ಹಾರ್ಮೋನಿಯಂ ತಿದಿಯಂತೆ ಮಡಿಚಿದ ಪಟ್ಟಿಯೊಂದನ್ನು ಕೈಯಿಂದ ಕೈಗೆ ದಾಟಿಸಿದರು. ಡೇವಿಡ್ ಮಝೀ ಎಂಬ ಅಧಿಕಾರಿ ತನ್ನ ಪೈಪು ಹೊತ್ತಿಸುವ ಲೈಟರಿನ ಜ್ವಾಲೆಯನ್ನು ಅದಕ್ಕೆ ಹಿಡಿದ. ಮಡಿಚಿದ ಪಟ್ಟಿ ತಾನಾಗಿಯೇ ಬಿಚ್ಚಿಕೊಂಡು ನೆಟ್ಟಗಾಯಿತು! ಲೋಹಕ್ಕೆ ತನ್ನ ಹಳೆಯ ಆಕಾರ ನೆನಪಿತ್ತು. ನಿಕ್ಕಲ್, ಟೈಟಾನಿಯಂ ಮತ್ತು ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ ‘ನಿಟಿನಾಲ್’ ಎಂದು ಹೆಸರಿಟ್ಟರು.

ನೆನಪಿನ ಜೊತೆ ಈ ಲೋಹಕ್ಕೆ ಇನ್ನೊಂದು ಗುಣವಿದೆ. ನಮಗೆ ಬೇಕಾದದ್ದು ಅದೇ. ಉಕ್ಕಿನ ತಂತಿಯನ್ನು ಹೆಚ್ಚು ಬಾಗಿಸಿದರೆ ಅದರ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಿ, ನೆರೆಹೊರೆ ಬದಲಾಗಿಬಿಡುತ್ತದೆ. ಬಿಟ್ಟರೂ ತಂತಿ ಹಿಂದಿರುಗುವುದಿಲ್ಲ. ನಿಟಿನಾಲ್‌ನಲ್ಲಿ ಹಾಗಲ್ಲ. ಕವಾಯತಿನ ಮೈದಾನದಲ್ಲಿ ಮಕ್ಕಳ ಸಾಲುಗಳು ಕೈ ಹಿಡಿದುಕೊಂಡೇ ಒಟ್ಟಿಗೆ ಒಂದು ಪಕ್ಕಕ್ಕೆ ವಾಲಿದ ಹಾಗೆ, ಅದರ ಪರಮಾಣುಗಳು ಒತ್ತಡ ಬಿದ್ದಾಗ ಒಂದು ಜೋಡಣೆಯಿಂದ ಇನ್ನೊಂದಕ್ಕೆ ಒಟ್ಟಾಗಿ ವಾಲುತ್ತವೆ. ನೆರೆಯವರು ಯಾರೂ ಬದಲಾಗುವುದಿಲ್ಲ. ಒತ್ತಡ ಹೋದೊಡನೆ ಮತ್ತೆ ನೆಟ್ಟಗೆ ನಿಲ್ಲುತ್ತವೆ. ಮೊದಲ ಜೋಡಣೆಗೆ ಆಸ್ಟೆನೈಟ್, ವಾಲಿದ್ದಕ್ಕೆ ಮಾರ್ಟೆನ್ಸೈಟ್ ಎಂದು ಹೆಸರು. ಉಕ್ಕನ್ನು ನೂರಕ್ಕೆ ಒಂದರಷ್ಟು ಹಿಗ್ಗಿಸುವುದರೊಳಗೆ ಅದು ಶಾಶ್ವತವಾಗಿ ಬಾಗಿಹೋಗುತ್ತದೆ. ನಿಟಿನಾಲ್ ನೂರಕ್ಕೆ ಎಂಟರಷ್ಟು ಹಿಗ್ಗಿಯೂ ಮರಳಿ ಬರಬಲ್ಲದು.

1970ರ ದಶಕದ ಆರಂಭದಲ್ಲಿ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರೀಸನ್ ಈ ಲೋಹದ ತಂತಿಯನ್ನು ವಕ್ರಹಲ್ಲು ಸರಿಪಡಿಸಲು ಬಳಸಿದರು. ಅಲ್ಲಿಂದ ನಾಳಕ್ಕೆ ಬರಲು ಮತ್ತೂ ಹದಿನೈದು ವರ್ಷ ಹಿಡಿಯಿತು. ಹರ್ಮೀತ್ ವಾಲಿಯಾ ಮತ್ತು ಇಬ್ಬರು ಸಂಗಡಿಗರು ಹಲ್ಲು ಕಟ್ಟುವ ಅದೇ ತಂತಿಯಿಂದ 15ನೇ ನಂಬರಿನ ಅರಗಳನ್ನು ಕಡೆದು, ಬಾಗಿಸಿ, ತಿರುಚಿ ನೋಡಿದರು. 1988ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಅವು ಅದೇ ಅಳತೆಯ ಉಕ್ಕಿನ ಅರಗಳಿಗಿಂತ ಎರಡು ಮೂರು ಪಟ್ಟು ಹೆಚ್ಚು ಬಳುಕುತ್ತಿದ್ದವು. ಡೊಂಕು ನಾಳಕ್ಕೆ ಇವು ತಕ್ಕುವೆಂದು ಅವರು ಸೂಚಿಸಿದರು. 1990ರ ದಶಕದ ಆರಂಭದಲ್ಲಿ ಜಾನ್ ಮೆಕ್‌ಸ್ಪ್ಯಾಡನ್, ಬೆನ್ ಜಾನ್ಸನ್ ಮೊದಲಾದವರು ಇಂಥ ಅರಗಳನ್ನು ನಿಧಾನವಾಗಿ ಸುತ್ತುವ ಮೋಟಾರಿಗೆ ಜೋಡಿಸಿದರು. ನೂರು ವರ್ಷದ ಹಿಂದೆ ರಾಲಿನ್ಸ್ ಬಯಸಿದ್ದು ಆಗ ಕೈಗೂಡಿತು.

‘ಮೀಟರ್ ಕೇಬಲ್ ಇದ್ದಂಗೆ ಅನ್ನಿ’ ಎಂದರು ಹುಡುಗಿಯ ತಂದೆ.

ನಾನು ಒಂದು ಕ್ಷಣ ಯೋಚಿಸಿದೆ. ಹಳೆಯ ಸ್ಕೂಟರಿನಲ್ಲಿ ಚಕ್ರದಿಂದ ಹ್ಯಾಂಡಲ್ಲಿನ ವೇಗದ ಮೀಟರಿಗೆ ಹೋಗುವ ಕೇಬಲ್ಲು, ಬಾಗಿದ ಕವಚದೊಳಗೆ ಬಾಗಿಕೊಂಡೇ ಗಿರ್ರನೆ ಸುತ್ತುತ್ತದೆ. ಕವಚದ ಡೊಂಕು ಹಾಗೆಯೇ ಇರುತ್ತದೆ. ನನಗೆ ಹೊಳೆಯದ ಹೋಲಿಕೆ ಅದು. ತರಗತಿಯಲ್ಲಿ ಇನ್ನು ಮುಂದೆ ಅದನ್ನೇ ಹೇಳುತ್ತೇನೆ.

ಆದರೆ ಕೇಬಲ್ಲು ತುಂಡಾಗುವುದೂ ಉಂಟು. ಇಲ್ಲಿ ಮತ್ತೆ ಒಂದು ಲೆಕ್ಕ ಮಾಡಬೇಕು. ತಂತಿಯನ್ನು ಬಾಗಿಸಿದಾಗ ಬಾಗಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗುವ ಪ್ರಮಾಣ ಎಷ್ಟೆಂದರೆ, ತಂತಿಯ ತ್ರಿಜ್ಯವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದಷ್ಟು. ಮೋಟಾರಿಗೆ ಹಾಕುವ 25ನೇ ನಂಬರಿನ ಒಂದು ಅರ, ಪ್ರತಿ ಮಿಲಿಮೀಟರಿಗೆ 0.06 ಮಿ.ಮೀ. ದಪ್ಪವಾಗುತ್ತಾ ಹೋಗುತ್ತದೆ ಎನ್ನಿ. ತುದಿಯಿಂದ 4 ಮಿ.ಮೀ. ಮೇಲೆ ಅದರ ವ್ಯಾಸ 0.25 + 0.24 = 0.49, ಅಂದರೆ ಅರ್ಧ ಮಿಲಿಮೀಟರು. ತ್ರಿಜ್ಯ 0.25. ಬಾಗಿನ ತ್ರಿಜ್ಯ 5 ಮಿ.ಮೀ. ಇದ್ದರೆ 0.25 ÷ 5 = 0.05, ನೂರಕ್ಕೆ ಐದು. ಅರದ ಮೈಯಲ್ಲಿ ಗಾಡಿಗಳಿರುವುದರಿಂದ ಇದು ಅಂದಾಜು ಮಾತ್ರ. ಆದರೂ ಉಕ್ಕಿಗೆ ಇದು ಆಗದ ಮಾತು, ನಿಟಿನಾಲ್‌ಗೆ ಆಗುವ ಮಾತು ಎಂಬುದು ಸ್ಪಷ್ಟವಾಗುತ್ತದೆ.

ಇದು ಒಮ್ಮೆ ಬಾಗಿದರೆ. ಸುತ್ತುವ ಅರದಲ್ಲಿ ಈ ಕ್ಷಣ ಹೊರಮೈಯಾಗಿದ್ದದ್ದು ಅರ್ಧ ಸುತ್ತಿನಲ್ಲಿ ಒಳಮೈಯಾಗುತ್ತದೆ. ಹಿಗ್ಗು, ಕುಗ್ಗು, ಹಿಗ್ಗು, ಕುಗ್ಗು. ನಿಮಿಷಕ್ಕೆ 300 ಸುತ್ತಾದರೆ 300 ಸಲ. ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಆಟ ಎಲ್ಲ ಮಕ್ಕಳಿಗೂ ಗೊತ್ತು. ಸೈಕಲ್ಲಿನ ಸ್ಪೋಕ್ ಕಡ್ಡಿ ಹಬ್ಬಿನ ಹತ್ತಿರದ ಬಾಗಿನಲ್ಲೇ ತುಂಡಾಗುವುದೂ ಇದೇ ಕಾರಣಕ್ಕೆ: ಚಕ್ರದ ಒಂದೊಂದು ಸುತ್ತಿಗೂ ಎಳೆತ ಹೆಚ್ಚು ಕಡಿಮೆಯಾಗಿ ಲೋಹ ದಣಿಯುತ್ತದೆ. ಕಡಿದಾದ ಬಾಗಿನಲ್ಲಿ ಸುತ್ತುವ ಅರದ ಆಯುಸ್ಸನ್ನು ನಿಮಿಷಗಳ ಲೆಕ್ಕದಲ್ಲೇ ಎಣಿಸಬೇಕು.

ಇಲ್ಲಿ ನಿಟಿನಾಲ್‌ನ ಗುಣವೇ ಅದರ ದೋಷವಾಗುತ್ತದೆ. ದಣಿದ ಉಕ್ಕಿನ ಅರ ಸಾಮಾನ್ಯವಾಗಿ ಹೇಳಿ ಹೋಗುತ್ತದೆ: ಅದರ ಸುರುಳಿ ಬಿಚ್ಚಿಕೊಳ್ಳುತ್ತದೆ, ತುದಿ ವಕ್ರವಾಗುತ್ತದೆ, ವೈದ್ಯರು ನೋಡಿ ಎಸೆಯುತ್ತಾರೆ. ನಿಟಿನಾಲ್ ಅರ ನಾಳದಿಂದ ಹೊರಬಂದೊಡನೆ ಏನೂ ಆಗದವರಂತೆ ನೆಟ್ಟಗೆ ನಿಲ್ಲುತ್ತದೆ. ಒಳಗೆ ಕೂದಲಿಗಿಂತ ಸಣ್ಣ ಬಿರುಕು ಬೆಳೆಯುತ್ತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಸಲ ತಟಕ್ಕನೆ ತುಂಡಾಗುತ್ತದೆ. ಇನ್ನೊಂದು ಬಗೆಯ ಮುರಿತವೂ ಇದೆ. ತುದಿ ಎಲ್ಲೋ ಸಿಕ್ಕಿಕೊಂಡು ಮೋಟಾರು ಮಾತ್ರ ಸುತ್ತುತ್ತಲೇ ಇದ್ದರೆ ಅರ ತಿರುಚಿ ಮುರಿಯುತ್ತದೆ.

ಇದಕ್ಕೆ ಮಾಡಿಕೊಂಡ ಉಪಾಯಗಳು ಹಲವು. ಇಷ್ಟಕ್ಕಿಂತ ಹೆಚ್ಚು ತಿರುಚುಬಲ ಬಿದ್ದೊಡನೆ ನಿಂತು ಹಿಂದಕ್ಕೆ ಸುತ್ತುವ ಮೋಟಾರು ಬಂತು. ಲೋಹಕ್ಕೆ ಬಗೆಬಗೆಯ ಶಾಖದ ಹದ ಕೊಟ್ಟು ಇನ್ನೂ ಮೆತ್ತಗೆ ಮಾಡಿದರು. ಇಂಥ ಕೆಲವು ಅರಗಳು ಬಾಗಿಸಿದರೆ ಬಾಗಿದಂತೆಯೇ ನಿಲ್ಲುತ್ತವೆ, ಬಿಸಿ ಮಾಡಿದರೆ ನೆಟ್ಟಗಾಗುತ್ತವೆ. ಮಝೀಯ ಲೈಟರಿನ ಕತೆಯೇ ಮತ್ತೆ. 2008ರಲ್ಲಿ ಘಸ್ಸಾನ್ ಯಾರೆದ್ ಎಂಬ ವೈದ್ಯ ಒಂದೇ ದಿಕ್ಕಿಗೆ ಸುತ್ತಿಸುವುದನ್ನು ಬಿಟ್ಟು, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತಿರುಗಿಸುವ ಕ್ರಮವನ್ನು ಪ್ರಕಟಿಸಿದರು. 2011ರಿಂದ ಅದಕ್ಕೆಂದೇ ಮಾಡಿದ ಅರಗಳು ಬಂದವು. ಹಲಗೆಗೆ ಬೈರಿಗೆ ಹಾಕುವ ಬಡಗಿ ಸಿಕ್ಕಿಕೊಂಡಾಗ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಡಿಸಿಕೊಂಡು ಮುಂದೆ ಹೋಗುತ್ತಾನಲ್ಲ, ಅದೇ ಜಾಣತನ. ಹಿಂದಕ್ಕೆ ತಿರುಗುವಾಗ ಸಿಕ್ಕು ಬಿಡುತ್ತದೆ, ದಣಿವೂ ಕಡಿಮೆ. ಆದರೆ ಎಲ್ಲಕ್ಕಿಂತ ದೊಡ್ಡ ಉಪಾಯ ಹಳೆಯದೇ. ಮೋಟಾರು ಇಳಿಸುವ ಮೊದಲು 10, 15ನೇ ನಂಬರಿನ ಕೈಯ ಅರದಿಂದ ತುದಿಯವರೆಗೂ ನಯವಾದ ದಾರಿ ಮಾಡಿಕೊಳ್ಳಬೇಕು. ಆ ದಾರಿಯನ್ನು ಬೆರಳೇ ಹುಡುಕಬೇಕು. ಕೈಯಲ್ಲಿ ಹದ ಗೊತ್ತಾಗುತ್ತದೆ ಎಂದು ಹುಡುಗಿಯ ತಂದೆ ಹೇಳಿದ್ದು ಇಲ್ಲಿ ಈಗಲೂ ನಿಜ.

ಅರ ಮುರಿದರೆ ಏನು ಗತಿ ಎಂದು ಕೇಳಿದರು. ನನ್ನ ಬಾಯಿಯನ್ನೇ ತೋರಿಸಿದೆ. ಇಪ್ಪತ್ತು ವರ್ಷದ ಹಿಂದೆ ಚಿಕಿತ್ಸೆಯಾದ ನನ್ನ ಮೇಲಿನ ದವಡೆ ಹಲ್ಲಿನಲ್ಲಿ ಮೂರು ಮಿಲಿಮೀಟರಿನ ಒಂದು ಚೂರು ಇದೆ. ಕೈಯ ಅರದ್ದು, ಉಕ್ಕಿನದು. ಅದು ಇರುವುದು ನನಗೆ ಗೊತ್ತಾದದ್ದು ಹತ್ತು ವರ್ಷದ ನಂತರ, ಬೇರೊಂದು ಊರಿನ ವೈದ್ಯರು ಬೇರೊಂದು ಹಲ್ಲಿಗೆ ಎಕ್ಸ್-ರೇ ತೆಗೆದಾಗ. ಚೂರಿನಿಂದ ಇದುವರೆಗೆ ತೊಂದರೆಯಿಲ್ಲ. ಮುರಿಯುವ ಹೊತ್ತಿಗೆ ನಾಳ ಶುಚಿಯಾಗಿದ್ದರೆ ಚೂರು ಅಲ್ಲೇ ಇದ್ದರೂ ಹಲ್ಲು ಬಾಳುತ್ತದೆಂದು ಆ ವೈದ್ಯರು ವಿವರಿಸಿದರು. ಒಳಗೆ ಕೊಳೆ ಉಳಿದಿದ್ದರೆ ಕತೆ ಬೇರೆ. ಆಗ ತೆಗೆಯಲು ಯತ್ನಿಸಬೇಕು, ಅದು ಸೂಕ್ಷ್ಮದರ್ಶಕ ಹಿಡಿದು ಮಾಡುವ ಕೆಲಸ. ನನಗೆ ಬೇಸರವಾದದ್ದು ಮೊದಲಿನವರು ಒಂದು ಮಾತು ಹೇಳಲಿಲ್ಲವಲ್ಲ ಎಂಬುದಕ್ಕೆ. ಅರ ಮುರಿಯುವುದು ಒಳ್ಳೆಯ ವೈದ್ಯರ ಕೈಯಲ್ಲೂ ಆಗುತ್ತದೆ. ರೋಗಿಗೆ ತಿಳಿಸಿ ಚೀಟಿಯಲ್ಲಿ ಬರೆದಿಡುವುದು ಅವರ ಕರ್ತವ್ಯ.

ಮೋಟಾರಿನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇತ್ತೀಚೆಗೆ ಫಲಕಗಳಲ್ಲಿ ‘ಯಂತ್ರದಿಂದ ಶೀಘ್ರ ರೂಟ್ ಕೆನಾಲ್’ ಎಂದು ಬರೆದಿರುವುದನ್ನು ನೋಡುತ್ತೇನೆ. ಅರ ಬೇಗ ಕೆರೆಯುತ್ತದೆ, ಸರಿ. ಕೆರೆದರೆ ಶುಚಿಯಾಯಿತೇ? 2001ರಲ್ಲಿ ಓವ್ ಪೀಟರ್ಸ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳನ್ನು ಅತಿ ಸೂಕ್ಷ್ಮ ಸಿ.ಟಿ. ಯಂತ್ರದಲ್ಲಿ ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ಚಿತ್ರ ತೆಗೆದು ಹೋಲಿಸಿದರು. ಯಾವ ಬಗೆಯ ನಿಟಿನಾಲ್ ಅರ ಬಳಸಿದರೂ ನಾಳದ ಗೋಡೆಯ ನೂರಕ್ಕೆ 35ರಷ್ಟು ಅಥವಾ ಅದಕ್ಕೂ ಹೆಚ್ಚು ಭಾಗವನ್ನು ಅದು ಮುಟ್ಟಿಯೇ ಇರಲಿಲ್ಲ. ಆಶ್ಚರ್ಯವೇನಿಲ್ಲ. ಅರ ಸುತ್ತಿದರೆ ದುಂಡು ತೂತಾಗುತ್ತದೆ. ಹೆಸ್‌ನ ಅಚ್ಚುಗಳಲ್ಲಿ ಕಂಡ ರೆಕ್ಕೆ, ಕವಲುಗಳಿಗೆ ಅದು ಹೋಗುವುದೇ ಇಲ್ಲ.

ಅಲ್ಲಿಗೆ ಹೋಗುವುದು ದ್ರವ. ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬಟ್ಟೆ ಬಿಳಿ ಮಾಡಲು ಬಳಸುವ ಬ್ಲೀಚ್ ದ್ರಾವಣದ ರಾಸಾಯನಿಕವೇ. ಮೊದಲ ಮಹಾಯುದ್ಧದಲ್ಲಿ ಹೆನ್ರಿ ಡೇಕಿನ್ ಇದರ ತೆಳು ದ್ರಾವಣದಿಂದ ಸೈನಿಕರ ಗಾಯ ತೊಳೆಯುವ ಕ್ರಮ ರೂಢಿಸಿದ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಸತ್ತ ತಿರುಳನ್ನೂ ಕರಗಿಸುತ್ತದೆ. ಅರದ ನಿಜವಾದ ಕೆಲಸ ಈ ದ್ರವ ತುದಿಯವರೆಗೆ ಹರಿಯಲು ಕಾಲುವೆ ತೋಡಿಕೊಡುವುದು. ತೊಳೆಯುವುದಕ್ಕೆ ಸಮಯ ಬೇಕು. ಮೋಟಾರಿನಿಂದ ಉಳಿದ ಸಮಯವನ್ನು ತೊಳೆಯುವುದಕ್ಕೆ ಕೊಟ್ಟರೆ ಲಾಭ. ಮುಂದಿನ ರೋಗಿಯನ್ನು ಕೂರಿಸುವುದಕ್ಕೆ ಕೊಟ್ಟರೆ ಈ ಹಲ್ಲಿಗೆ ನಷ್ಟ. ಅಂದ ಹಾಗೆ, ಈ ದ್ರವ ಬಾಯಿಗೆ ಇಳಿಯಬಾರದು. ಅದಕ್ಕಾಗಿಯೂ, ಎಂಜಲು ನಾಳಕ್ಕೆ ಸೇರದಿರಲಿ ಎಂದೂ, ಹಲ್ಲಿಗೆ ತೆಳು ರಬ್ಬರು ಹಾಳೆ ಸಿಕ್ಕಿಸಿ ಕೆಲಸ ಮಾಡುತ್ತಾರೆ. ಉಸಿರು ಕಟ್ಟಿದಂತಾಗುತ್ತದೆಂದು ಮಕ್ಕಳು ಬೇಡವೆನ್ನಬಹುದು. ಮೂಗಿನಿಂದ ಉಸಿರಾಡಲು ಹೇಳಿಕೊಟ್ಟರೆ ಎರಡು ನಿಮಿಷದಲ್ಲಿ ರೂಢಿಯಾಗುತ್ತದೆ.

ಇಷ್ಟಾದ ಮೇಲೆ ಹುಡುಗಿಯ ತಂದೆಗೆ ನಾನು ಹೇಳಿದ್ದು: ಮೋಟಾರಿಗೆ ಹೆದರಬೇಡಿ, ಆದರೆ ವೈದ್ಯರನ್ನು ಮೂರು ಮಾತು ಕೇಳಿ. ರಬ್ಬರು ಹಾಳೆ ಹಾಕುತ್ತೀರಾ? ಈ ಅರವನ್ನು ಹಿಂದೆ ಎಷ್ಟು ಹಲ್ಲಿಗೆ ಬಳಸಿದ್ದೀರಿ? ಅರ ಮುರಿದರೆ ನಮಗೆ ತಿಳಿಸುತ್ತೀರಾ? ಎರಡನೆಯ ಪ್ರಶ್ನೆ ಕೇಳಲು ಅವರು ಸಂಕೋಚಪಟ್ಟರು. ‘ಡಾಕ್ಟ್ರಿಗೆ ಹಂಗೆಲ್ಲ ಕೇಳೋದಾ ಮೇಷ್ಟ್ರೇ?’ ಎಂದರು. ನಿಮ್ಮ ಅಂಗಡಿಗೆ ಬಂದವರು ‘ಹೊಸ ಕಡ್ಡಿ ಹಾಕ್ತೀರೋ ಹಳೇದೋ’ ಎಂದು ಕೇಳುವುದಿಲ್ಲವೇ ಎಂದೆ. ನಕ್ಕರು. ಕೇಳಿದರಂತೆ. ಇಷ್ಟು ಡೊಂಕಿನ ಹಲ್ಲಿಗೆ ಹೊಸ ಅರವನ್ನೇ ತೆಗೆಯುತ್ತೇನೆ, ಅದರ ಬೆಲೆ ಬಿಲ್ಲಿಗೆ ಸೇರುತ್ತದೆ ಎಂದು ವೈದ್ಯರು ನೇರವಾಗಿ ಹೇಳಿದರಂತೆ.

ಚಿಕಿತ್ಸೆ ಎರಡು ಸಲದಲ್ಲಿ ಮುಗಿಯಿತು. ಹದಿನೈದು ದಿನದ ನಂತರ ಅವರು ಎರಡು ಫಿಲ್ಮು ಹಿಡಿದು ಮತ್ತೆ ಶಾಲೆಗೆ ಬಂದರು. ಎರಡನೆಯದರಲ್ಲಿ ನಾಳಗಳಿಗೆ ತುಂಬಿದ ಗಟ್ಟಾ ಪರ್ಚಾ, ಅದೊಂದು ಮರದ ಅಂಟು, ಬಿಳಿಗೆರೆಯಾಗಿ ಕಾಣುತ್ತಿತ್ತು. ಅವರು ಎರಡನ್ನೂ ಕಿಟಕಿಗೆ ಒತ್ತಿ ಹಿಡಿದು, ಮುಂದಿನ ಬೇರಿನ ಗೆರೆಯ ಮೇಲೆ ಉಗುರು ಎಳೆದು ನೋಡಿ, ‘ಡೊಂಕು ಹಂಗೇ ಇದೆ’ ಎಂದರು. ತಿರುಳಿಲ್ಲದ, ಅಷ್ಟು ಹುಳುಕು ತೆಗೆದ ಹಲ್ಲು ಅಗಿಯುವಾಗ ಸೀಳಬಹುದಾದ್ದರಿಂದ ಮೇಲೆ ಟೊಪ್ಪಿಗೆ ಹಾಕುವುದು ಬಾಕಿಯಿದೆ. ಅದನ್ನು ಬೇಸಿಗೆ ರಜೆಗೆ ಮುಂದೂಡಬೇಡಿ ಎಂದೆ. ಈ ತಿಂಗಳೇ ಆಗುತ್ತದಂತೆ.

ಹೋಗುವಾಗ ಬಾಗಿಲಲ್ಲಿ ನಿಂತು, ಮನೆಯಲ್ಲಿ ಏಳು ವರ್ಷದ ಮಗನಿದ್ದಾನೆಂದೂ, ಹಿಂದಿನ ರಾತ್ರಿ ಟಾರ್ಚು ಹಾಕಿ ಅವನ ಹಲ್ಲು ಎಣಿಸಿದರೆ ನಾಲ್ಕೂ ಕಡೆ ಆರನೆಯದು ಬಂದಿದೆಯೆಂದೂ ಹೇಳಿದರು. ಕೆಳಗಿನ ಎಡಗಡೆಯದರ ಗೆರೆಯಲ್ಲಿ ಏನೋ ಕಂದು ಬಣ್ಣ ಕಾಣುತ್ತಿದೆಯಂತೆ. ಶನಿವಾರ ಅಂಗಡಿ ಬೇಗ ಮುಚ್ಚಿ ಅವನನ್ನೂ ಅದೇ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಹುಳುಕು ಇನ್ನೂ ಇಳಿದಿಲ್ಲವಾದರೆ ಹಲ್ಲಿನ ಮೇಲಿನ ಗೆರೆಗಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಲೇಪ ತುಂಬಿ ಮುಚ್ಚುತ್ತಾರೆ. ಅದಕ್ಕೆ ಅರವೂ ಬೇಡ, ಮೋಟಾರೂ ಬೇಡ. ಕಾಲು ಗಂಟೆಯ ಕೆಲಸ.